ಹತ್ತುವಾಗ ಇರಬಾರದು, ಬೀಳುವಾಗ ಇರಬೇಕು: ಮಂಡಿ ಪ್ಯಾಡಿನ ಕಥೆ

ಸೈಕಲ್ ಕಲಿತವರನ್ನು ಗುರುತು ಹಿಡಿಯಬೇಕಾದರೆ ಮಂಡಿ ನೋಡಿದರೆ ಸಾಕು. ಗಂಟೆಗೆ ಇಷ್ಟು ಅಂತ ಬಾಡಿಗೆ ಕೊಟ್ಟು ತಂದ ದೊಡ್ಡ ಸೈಕಲ್, ಸೀಟು ಎಟುಕದೆ ಒಳಪೆಡಲ್ ಹೊಡೆದದ್ದು, ಇಳಿಜಾರಿನಲ್ಲಿ ಬ್ರೇಕ್ ಮರೆತು ಬಿದ್ದದ್ದು, ಮನೆಗೆ ಬಂದು ಬೈಸಿಕೊಂಡದ್ದು... ಇಷ್ಟೆಲ್ಲಕ್ಕೂ ಸಾಕ್ಷಿಯಾಗಿ ಅಲ್ಲೊಂದು ಕಲೆ ಉಳಿದಿರುತ್ತದೆ. ನಮ್ಮ ಬ್ಲಾಗಿಗರಲ್ಲಿ ಅರ್ಧಕ್ಕರ್ಧ ಜನರ ಮಂಡಿಯಲ್ಲಿ ಅಂಥದ್ದೊಂದು ಇದ್ದೇ ಇರುತ್ತದೆ ಅಂತ ನನ್ನ ಅಂದಾಜು :-) ಮಂಡಿಗೆ ಪ್ಯಾಡ್ ಕಟ್ಟಿಕೊಂಡು ಸೈಕಲ್ ಹತ್ತಬಹುದು ಅನ್ನುವ ಯೋಚನೆಯೇ ನಮಗೆ ಇರಲಿಲ್ಲ. ಪ್ಯಾಡ್ ಅಂದರೆ ಕ್ರಿಕೆಟ್‌ನವರದು.

ಹೋಗಲಿ, ಅದು ನಮ್ಮ ಕಥೆಯಾಯಿತು. ಆಶ್ಚರ್ಯ ಏನೆಂದರೆ, ಕಲ್ಲು, ಬೇರು, ಕೊರಕಲು ಯಾವುದನ್ನೂ ಲೆಕ್ಕಿಸದೆ ಬೆಟ್ಟದ ಮೇಲಿಂದ ಸೈಕಲ್ ಇಳಿಸುವುದನ್ನೇ ಆಟ ಮಾಡಿಕೊಂಡ ಮೌಂಟನ್ ಬೈಕ್ ಸವಾರರಿಗೂ ಸುಮಾರು ಇಪ್ಪತ್ತು ವರ್ಷ ಈ ಯೋಚನೆ ಅಷ್ಟಾಗಿ ಬರಲಿಲ್ಲ. ಬಂದ ಮೇಲೂ ತಮಗೆ ಒಪ್ಪುವ ಪ್ಯಾಡ್ ಸಿಗಲು ಇನ್ನೊಂದು ಹತ್ತು ಹದಿನೈದು ವರ್ಷ ಹಿಡಿಯಿತು. ಅಷ್ಟು ತಡ ಯಾಕಾಯಿತು ಅಂತ ಹುಡುಕುತ್ತಾ ಹೋದರೆ ಒಂದು ಒಳ್ಳೆಯ ಚರಿತ್ರೆಯೇ ಸಿಗುತ್ತದೆ.

ಶುರು ಮಾಡಬೇಕಾದ್ದು ಅಮೆರಿಕದ ಕ್ಯಾಲಿಫೋರ್ನಿಯಾದಿಂದ. ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಮರಿನ್ ಕೌಂಟಿಯಲ್ಲಿ, ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ, ಬೆಂಕಿ ಆರಿಸುವ ಗಾಡಿಗಳಿಗೆಂದು ಬೆಟ್ಟದ ಮೇಲೆ ಮಾಡಿದ ಒಂದು ಮಣ್ಣಿನ ರಸ್ತೆ. ಸುಮಾರು 3.4 ಕಿಲೋಮೀಟರ್ ಉದ್ದ, ಅಷ್ಟರೊಳಗೆ ಹತ್ತಿರ ಹತ್ತಿರ 400 ಮೀಟರ್ ಇಳಿತ. 1976ರ ಅಕ್ಟೋಬರ್ 21ರಂದು ಚಾರ್ಲಿ ಕೆಲ್ಲಿ ಮತ್ತು ಗೆಳೆಯರು ಅಲ್ಲಿ ಒಂದು ಪಂದ್ಯ ಇಟ್ಟುಕೊಂಡರು. ಸೈಕಲ್‌ಗಳು 1930-40ರ ದಶಕದ ಹಳೆಯ, ದಪ್ಪ ಟೈರಿನ, ಗುಜರಿಯಿಂದ ಎತ್ತಿ ತಂದಂಥವು. ಬ್ರೇಕ್ ಬೇಕಾದರೆ ಪೆಡಲನ್ನು ಹಿಂದಕ್ಕೆ ಒತ್ತಬೇಕು. ಅಷ್ಟು ಇಳಿಜಾರಿನಲ್ಲಿ ಒತ್ತೀ ಒತ್ತೀ ಹಿಂದಿನ ಹಬ್ ಕಾದು, ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಹಬ್ ಬಿಚ್ಚಿ ಹೊಸದಾಗಿ ಗ್ರೀಸ್ ತುಂಬಬೇಕು. ಹಾಗಾಗಿ ಆ ರಸ್ತೆಗೆ, ಪಂದ್ಯಕ್ಕೆ 'ರೀಪ್ಯಾಕ್' ಅಂತಲೇ ಹೆಸರು ಬಿತ್ತು. ಮೊದಲ ಪಂದ್ಯ ಗೆದ್ದವನು ಆಲನ್ ಬಾಂಡ್ಸ್. ಅವತ್ತು ಬೀಳದೆ ಕೆಳಗೆ ತಲುಪಿದವನು ಅವನೊಬ್ಬನೇ ಎಂದು ಹೇಳುತ್ತಾರೆ. ಮುಂದೆ ಗ್ಯಾರಿ ಫಿಶರ್ 4 ನಿಮಿಷ 22 ಸೆಕೆಂಡಿನಲ್ಲಿ ಇಳಿದದ್ದೇ ದಾಖಲೆಯಾಗಿ ಉಳಿಯಿತು. ಎರಡೇ ಸೆಕೆಂಡು ಹಿಂದಿದ್ದ ಜೋ ಬ್ರೀಜ್ 1977ರಲ್ಲಿ ಇದೇ ಕೆಲಸಕ್ಕೆಂದು ಹೊಸ ಸೈಕಲನ್ನೇ ಕಟ್ಟಿದ.

ಆ ದಿನಗಳ ಫೋಟೋಗಳನ್ನು ವೆಂಡಿ ಕ್ರ್ಯಾಗ್ ಎಂಬಾಕೆ ತೆಗೆದಿಟ್ಟಿದ್ದಾರೆ. ಆಕೆಯೂ ಆ ಗುಂಪಿನಲ್ಲಿ ಸೈಕಲ್ ತುಳಿಯುತ್ತಿದ್ದವರೇ. ನೋಡಿದರೆ ಎಲ್ಲರೂ ಜೀನ್ಸ್, ದಪ್ಪ ಅಂಗಿ, ಕೂಲಿ ಕೆಲಸದವರ ಬೂಟು, ಚರ್ಮದ ಕೈಗವಸು. ಬಹಳ ಜನರ ತಲೆಯ ಮೇಲೆ ಹೆಲ್ಮೆಟ್ ಕೂಡ ಇಲ್ಲ. ರಕ್ಷಣೆ ಅಂತ ಏನಾದರೂ ಇದ್ದರೆ ಅದು ಜೀನ್ಸ್ ಬಟ್ಟೆ ಮಾತ್ರ.

ಇಲ್ಲಿ ಒಂದು ತಮಾಷೆ ಗಮನಿಸಿ. ಅದೇ ವರ್ಷಗಳಲ್ಲಿ, ಅದೇ ಕ್ಯಾಲಿಫೋರ್ನಿಯಾದ ಇನ್ನೊಂದು ತುದಿಯಲ್ಲಿ, ಮಂಡಿ ಮತ್ತು ಮೊಣಕೈ ಪ್ಯಾಡುಗಳು ಧಾರಾಳವಾಗಿ ಬಳಕೆಗೆ ಬರುತ್ತಿದ್ದವು. ಲಾಸ್ ಏಂಜಲಿಸ್ ಸುತ್ತಿನ ಸ್ಕೇಟ್‌ಬೋರ್ಡ್ ಹುಡುಗರು 1976-77ರ ಬರಗಾಲದಲ್ಲಿ ನೀರಿಲ್ಲದೆ ಖಾಲಿ ಬಿದ್ದಿದ್ದ ಈಜುಕೊಳಗಳಿಗೆ ಇಳಿದು, ಅವುಗಳ ಗೋಡೆ ಹತ್ತಿ ಇಳಿಯುವ ಆಟ ಕಲಿತಿದ್ದರು. ಎತ್ತರ ಹೆಚ್ಚಾದಂತೆ ಮಂಡಿಗೆ ಪ್ಯಾಡ್ ಬಂತು, ಪ್ಯಾಡಿನ ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು ಬಂತು. ಆಮೇಲೆ ಆ ಚಿಪ್ಪಿನಿಂದ ಒಂದು ಹೊಸ ವಿದ್ಯೆಯೇ ಹುಟ್ಟಿತು. ಮೇಲೆ ಹೋದವನಿಗೆ ಹಿಡಿತ ತಪ್ಪಿತು ಅನ್ನಿಸಿದ ಕೂಡಲೇ ಬೋರ್ಡ್ ಬಿಟ್ಟು ಎರಡೂ ಮಂಡಿಯೂರಿ ಗೋಡೆಯ ಮೇಲೆ ಸರ್ರನೆ ಜಾರಿ ಕೆಳಗೆ ಬರುವುದು! ಅಂದರೆ ಅವರಿಗೆ ಪ್ಯಾಡ್ ಬರೀ ಕವಚವಲ್ಲ, ಅದೇ ಬ್ರೇಕು. ಬೀಳುವುದನ್ನೂ ಆಟದ ಭಾಗವೇ ಮಾಡಿಕೊಂಡವರು ಅವರು.

ಬೆಟ್ಟದ ಸೈಕಲ್‌ನವರಿಗೆ ಇದು ಯಾಕೆ ದಾಟಲಿಲ್ಲ? ನನಗನ್ನಿಸುವುದು ಇಷ್ಟು. ಸ್ಕೇಟ್‌ಬೋರ್ಡಿನವನು ಮಂಡಿ ಬಗ್ಗಿಸಿ ನಿಲ್ಲುತ್ತಾನೆ, ಆಗೊಮ್ಮೆ ಈಗೊಮ್ಮೆ ಕಾಲಿನಿಂದ ನೆಲ ತಳ್ಳುತ್ತಾನೆ. ಸೈಕಲ್‌ನವನ ಮಂಡಿ ಒಂದೇ ಸಮ ಮಡಚಿ ಬಿಚ್ಚುತ್ತಿರಬೇಕು. ನಿಮಿಷಕ್ಕೆ 70 ಸುತ್ತು ಅಂತ ಇಟ್ಟುಕೊಂಡರೂ ಗಂಟೆಗೆ 4,200 ಸಲ, ಮೂರು ಗಂಟೆಯ ಸವಾರಿಗೆ 12,600 ಸಲ. ಅಷ್ಟು ಸಲ ಒಂದು ಪ್ಲಾಸ್ಟಿಕ್ ಚಿಪ್ಪು, ಎರಡು ಪಟ್ಟಿ ಮಂಡಿಯ ಹಿಂಬದಿಯ ಮೆತ್ತನೆ ಚರ್ಮವನ್ನು ಉಜ್ಜಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಬಿದ್ದರೆ ಆಗುವ ಗಾಯ ಬೀಳದೆಯೇ ಆಗಿಬಿಡುತ್ತದೆ!

ಹಾಗಾಗಿ 80ರ ದಶಕ ಪೂರ್ತಿ ಅವರು ನೋಡಿ ಕಲಿತದ್ದು ಡಾಂಬರು ರಸ್ತೆಯ ಸೈಕಲ್ ಪಂದ್ಯದವರನ್ನು. ಮ್ಯಾಮತ್ ಮೌಂಟನ್ ಎಂಬಲ್ಲಿ 1985ರಲ್ಲಿ 'ಕಾಮಿಕಾಜೆ' ಡೌನ್‌ಹಿಲ್ ಶುರುವಾಯಿತು. 3,300 ಮೀಟರಿಗೂ ಎತ್ತರದ ಶಿಖರದಿಂದ ಜಲ್ಲಿಯ ರಸ್ತೆಯಲ್ಲಿ ಗಂಟೆಗೆ ನೂರು ಕಿಲೋಮೀಟರ್ ಹತ್ತಿರದ ವೇಗದಲ್ಲಿ ಇಳಿಯುವುದು. ಮೈಮೇಲೆ? ಮೈಗಂಟಿದ ತೆಳು ಲೈಕ್ರಾ. ಗಾಳಿ ತಡೆಯಬಾರದಲ್ಲ! 1990ರಲ್ಲಿ ಕೊಲರಾಡೊದ ಡುರಾಂಗೊದಲ್ಲಿ ವಿಶ್ವ ಸೈಕ್ಲಿಂಗ್ ಸಂಸ್ಥೆಯಾದ ಯುಸಿಐನ ಮೊದಲ ಮೌಂಟನ್ ಬೈಕ್ ವಿಶ್ವ ಚಾಂಪಿಯನ್‌ಶಿಪ್ ನಡೆದಾಗಲೂ ಲೈಕ್ರಾದ ಕಾಲ ಮುಗಿದಿರಲಿಲ್ಲ.

ಬದಲಾವಣೆ ಬಂದದ್ದು ಸೈಕಲ್ ಬದಲಾದಾಗ. 80ರ ದಶಕ ಮುಗಿಯುವ ಹೊತ್ತಿಗೆ ರಾಕ್‌ಶಾಕ್ಸ್‌ನಂಥವರ ಸಸ್ಪೆನ್ಶನ್ ಫೋರ್ಕ್ ಬಂತು, ಆಮೇಲೆ ಹಿಂದಿನ ಚಕ್ರಕ್ಕೂ ಸಸ್ಪೆನ್ಶನ್ ಬಂತು. ಜಲ್ಲಿಯ ರಸ್ತೆ ಬಿಟ್ಟು ಬಂಡೆ, ಬೇರು, ಎತ್ತರದಿಂದ ಹಾರುವ ಜಾಗಗಳಿಗೆ ಪಂದ್ಯ ಹೋಯಿತು. ಬೀಳುವ ರೀತಿಯೂ ಬದಲಾಯಿತು. ಜಲ್ಲಿ ಮೇಲೆ ಬಿದ್ದರೆ ಚರ್ಮ ತರಚುತ್ತದೆ, ಬಂಡೆ ಮೇಲೆ ಬಿದ್ದರೆ ಮೂಳೆಗೇ ಪೆಟ್ಟು. 1996ರಲ್ಲಿ ಸ್ನೋಬೋರ್ಡ್‌ನಲ್ಲಿ ಆಗಲೇ ಹೆಸರು ಮಾಡಿದ್ದ ಶಾನ್ ಪಾಮರ್ ಎಂಬಾತ ಡೌನ್‌ಹಿಲ್‌ಗೆ ನುಗ್ಗಿದ. ಲೈಕ್ರಾ ತನಗೆ ಬೇಡವೇ ಬೇಡ ಅಂತ ಮೋಟೋಕ್ರಾಸ್ ಬೈಕಿನವರ ದೊಗಲೆ ಅಂಗಿ, ಪ್ಯಾಂಟು ತೊಟ್ಟು ಬಂದ. ಅದೇ ವರ್ಷ ಆಸ್ಟ್ರೇಲಿಯಾದ ಕೇರ್ನ್ಸ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎರಡನೆಯವನಾದ. ಫ್ರಾನ್ಸ್‌ನ ನಿಕೊಲಾ ವುಯೋಜ್‌ಗೂ ಅವನಿಗೂ ಇದ್ದ ಅಂತರ 0.15 ಸೆಕೆಂಡು! ದೊಗಲೆ ಬಟ್ಟೆ ಹಾಕಿಕೊಂಡೂ ಇಷ್ಟು ಹತ್ತಿರ ಬರಬಹುದು ಅಂತ ಗೊತ್ತಾದ ಮೇಲೆ ಕೇಳಬೇಕೇ. ದೊಗಲೆ ಪ್ಯಾಂಟಿನೊಳಗೆ ಮಂಡಿ ಪ್ಯಾಡಿಗೂ ಜಾಗ ಇತ್ತು ಅನ್ನುವುದು ನಮ್ಮ ಕಥೆಗೆ ಮುಖ್ಯ. ಮುಂದೆ ಯುಸಿಐ ಡೌನ್‌ಹಿಲ್‌ನಲ್ಲಿ ಮೈಗಂಟುವ ಲೈಕ್ರಾ ಬಟ್ಟೆಯನ್ನೇ ನಿಷೇಧಿಸಿತು. ಮುಖ ಮುಚ್ಚುವ ಹೆಲ್ಮೆಟ್ ಕಡ್ಡಾಯ ಮಾಡಿತು. ಮಂಡಿ, ಮೊಣಕೈ ಪ್ಯಾಡುಗಳನ್ನು ಮಾತ್ರ 'ಬಲವಾಗಿ ಶಿಫಾರಸು' ಮಾಡಿ ಬಿಟ್ಟಿತು.

ಹೀಗೆ ಬಂದ ಮೊದಲ ಪ್ಯಾಡುಗಳು ಮೋಟೋಕ್ರಾಸ್‌ನಿಂದ ಎರವಲು ತಂದವು. ಮಂಡಿಯಿಂದ ಪಾದದ ಗಂಟಿನವರೆಗೆ ಗಟ್ಟಿ ಪ್ಲಾಸ್ಟಿಕ್, ಒಳಗೆ ಫೋಮ್, ಹಿಂದೆ ವೆಲ್ಕ್ರೋ ಪಟ್ಟಿಗಳು. ಮೊಳಕಾಲು ಮುಚ್ಚಿದ್ದಕ್ಕೂ ಕಾರಣ ಇತ್ತು. ಕಾಲು ಜಾರದಿರಲಿ ಅಂತ ಪೆಡಲಿನ ಮೇಲೆ ಲೋಹದ ಮೊಳೆಯಂಥ ಪಿನ್‌ಗಳಿರುತ್ತವೆ, ಕಾಲು ತಪ್ಪಿದರೆ ಆ ಪೆಡಲ್ ತಿರುಗಿ ಬಂದು ಮೊಳಕಾಲಿನ ಮೂಳೆಗೇ ಹೊಡೆಯುತ್ತದೆ. (ವೆಲ್ಕ್ರೋ ಹುಟ್ಟಿದ್ದು ನಾಯಿಯ ಕೂದಲಿಗೆ ಅಂಟಿದ ಗಿಡದ ಮುಳ್ಳುಕಾಯಿ ನೋಡಿ. ನಮ್ಮ ಉತ್ತರಾಣಿ ಲಂಗ, ಪಂಚೆಗಳಿಗೆ ಅಂಟಿಕೊಳ್ಳುತ್ತದಲ್ಲ, ಅದೇ ರೀತಿ. ನೋಡಿ ಯಂತ್ರ ಮಾಡಿದವನು ಸ್ವಿಸ್ ದೇಶದವನು, ಕಿತ್ತು ಬಿಸಾಕಿದವರು ನಾವು!) ಕೆಸರಾದರೆ ವೆಲ್ಕ್ರೋ ಹಿಡಿಯುವುದಿಲ್ಲ ಅನ್ನುವುದು ಮಾತ್ರ ಬೇಗನೆ ಗೊತ್ತಾಯಿತು.

ಮೇಲಕ್ಕೆ ಹೋಗಲು ಕೇಬಲ್ ಲಿಫ್ಟೋ ಜೀಪೋ ಇದ್ದವರಿಗೆ ಈ ಪ್ಯಾಡು ಸರಿಹೋಯಿತು. ಕೆನಡಾದ ವ್ಯಾಂಕೂವರ್ ಪಕ್ಕದ ನಾರ್ತ್ ಶೋರ್ ಕಾಡುಗಳಲ್ಲಿ 90ರ ದಶಕದಲ್ಲಿ ಮರದ ಏಣಿಯಂಥ ಸೇತುವೆ ಕಟ್ಟಿ, ಒದ್ದೆ ಹಲಗೆಯ ಮೇಲೆ ಸೈಕಲ್ ಓಡಿಸುವ ಹುಚ್ಚು ಹಬ್ಬಿತು. 2001ರಲ್ಲಿ ಅಮೆರಿಕದ ಯೂಟಾದಲ್ಲಿ ಕಡಿದಾದ ಕೆಮ್ಮಣ್ಣಿನ ಬೆಟ್ಟದಿಂದ ಹಾರುವ ರೆಡ್ ಬುಲ್ ರಾಂಪೇಜ್ ಶುರುವಾದಾಗ ಗೆದ್ದ ವೇಡ್ ಸಿಮನ್ಸ್ ಆ ನಾರ್ತ್ ಶೋರ್‌ನವನೇ. ಅವರೆಲ್ಲ ಯುದ್ಧಕ್ಕೆ ಹೊರಟವರಂತೆ ಕವಚ ತೊಟ್ಟು ಹೋಗುತ್ತಿದ್ದರು.

ಆದರೆ ಮೌಂಟನ್ ಬೈಕ್ ಸವಾರರಲ್ಲಿ ಹೆಚ್ಚಿನವರು ಹೀಗಲ್ಲ. ತಾವೇ ತುಳಿದು ಬೆಟ್ಟ ಹತ್ತುವವರು, ತಾವೇ ಇಳಿಯುವವರು. ಎರಡು ಗಂಟೆ ಹತ್ತಿ ಇಪ್ಪತ್ತು ನಿಮಿಷ ಇಳಿಯುವ ಈ ಬಡಪಾಯಿಗಳಿಗೆ ಪ್ಯಾಡು ಅಂದರೆ ಬ್ಯಾಗಿಗೆ ಕಟ್ಟಿಕೊಳ್ಳುವ ಹೊರೆ. ಮೇಲೆ ತಲುಪಿದ ಮೇಲೆ ಶೂ ಬಿಚ್ಚಿ, ಬೆವರಿದ ಕಾಲಿಗೆ ಎಳೆದು ತೊಟ್ಟು, ಮತ್ತೆ ಶೂ ಕಟ್ಟಿ... ಅಷ್ಟರಲ್ಲಿ ಜೊತೆಯವರು ಅರ್ಧ ಬೆಟ್ಟ ಇಳಿದಿರುತ್ತಾರೆ. ಬೆಂಗಳೂರಿನ ತುರಹಳ್ಳಿ ಕಾಡಿನ ಕಡೆ ವಾರಾಂತ್ಯಕ್ಕೆ ಸೈಕಲ್ ತುಳಿಯುವ ನನ್ನ ಗೆಳೆಯನೊಬ್ಬ ಒಮ್ಮೆ ಮಂಡಿ ಒಡೆದುಕೊಂಡು ಬಂದ. "ಪ್ಯಾಡ್ ಇಲ್ವೇನೋ?" ಅಂದೆ. "ಇದೆ ಮಾರಾಯ, ಬ್ಯಾಗಲ್ಲಿದೆ" ಅಂದ, ಹತ್ತಿಯಿಂದ ರಕ್ತ ಒರೆಸಿಕೊಳ್ಳುತ್ತಾ. ನಗಬೇಕೋ ಅಳಬೇಕೋ!

ಅವನ ಗಾಯ ನೋಡಲು ಸಣ್ಣದೇ. ಆದರೆ ಮಂಡಿಚಿಪ್ಪಿನ ಮೇಲೆ ಮಾಂಸವೇ ಇಲ್ಲ, ಚರ್ಮ, ಅದರಡಿ ತೆಳ್ಳಗಿನ ಒಂದು ದ್ರವದ ಚೀಲ, ಅದರಡಿ ಮೂಳೆ, ಅಷ್ಟೆ. ಮೊಣಕೈ ತುದಿಯೂ ಹಾಗೆಯೇ. ಕಲ್ಲು ಆ ಚೀಲವನ್ನು ಹರಿದು ಮಣ್ಣು ಒಳಗೆ ಹೋದರೆ ಕೀವು ತುಂಬಿ, ಆಸ್ಪತ್ರೆ ಸೇರಬೇಕಾಗಬಹುದು. ಮಂಡಿ ಮಡಚದೆ ಕೂರಲೂ ಆಗದು, ಮೆಟ್ಟಿಲು ಇಳಿಯಲೂ ಆಗದು, ಕೆಲಸಕ್ಕೆ ಹೋಗುವುದಂತೂ ದೂರ. ಮುರಿಯದ ಮೂಳೆಯೂ ಎಷ್ಟು ದಿನ ತಿನ್ನಬಹುದು ಅಂತ ಆಗ ತಿಳಿಯುತ್ತದೆ.

ಹಾಗಾಗಿ ಸವಾರರು ಕೇಳುತ್ತಾ ಬಂದದ್ದು ಎಲ್ಲಕ್ಕಿಂತ ಗಟ್ಟಿಯಾದ ಪ್ಯಾಡನ್ನಲ್ಲ. ಬೆಳಗ್ಗೆ ಮನೆಯಲ್ಲಿ ತೊಟ್ಟರೆ ಸಂಜೆ ಮನೆಯಲ್ಲೇ ಬಿಚ್ಚುವಂಥದ್ದನ್ನು. ಅವರ ದೂರುಗಳನ್ನು ಕೇಳಿ ನೋಡಿ. ಮೊದಲನೆಯ ದೂರು ಯಾವಾಗಲೂ ಜಾರುವುದು. ಪ್ಯಾಡು ಎಷ್ಟೇ ದಪ್ಪ ಇರಲಿ, ಬೀಳುವ ಹೊತ್ತಿಗೆ ಅದು ಪಾದದ ಹತ್ತಿರ ಕೂತಿದ್ದರೆ ಏನು ಬಂತು? ಬಿಗಿಯಾಗಿ ಕಟ್ಟೋಣ ಅಂದರೆ ರಕ್ತ ಓಡುವುದಿಲ್ಲ, ಸಡಿಲ ಬಿಟ್ಟರೆ ನಿಲ್ಲುವುದಿಲ್ಲ. ಆಮೇಲೆ ಸೆಖೆ, ಬೆವರು. ನಮ್ಮ ಏಪ್ರಿಲ್ ಬಿಸಿಲಲ್ಲಿ ರಬ್ಬರಿನಂಥ ನಿಯೋಪ್ರೀನ್ ಬಟ್ಟೆ ಸುತ್ತಿಕೊಂಡು ಬೆಟ್ಟ ಹತ್ತಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆಮೇಲೆ ನಾತ! ವಾಷಿಂಗ್ ಮಷೀನಿಗೆ ಹಾಕಬಹುದೇ ಅನ್ನುವುದು ಹೆಂಡತಿಯ ಪ್ರಶ್ನೆ ಅಂತ ತಿಳಿಯಬೇಡಿ, ಸವಾರರದೇ ಪ್ರಶ್ನೆ. ಇನ್ನು ಮಂಡಿಯ ಮುಂಭಾಗದಷ್ಟೇ ಬದಿಗೂ ರಕ್ಷಣೆ ಬೇಕು, ಯಾಕೆಂದರೆ ಬೀಳುವಾಗ ಮಂಡಿ ನೆಲ ಮುಟ್ಟುವ ಮುಂಚೆಯೇ ಎಷ್ಟೋ ಸಲ ಹ್ಯಾಂಡಲ್‌ಗೋ ಸೈಕಲ್ಲಿನ ಅಡ್ಡಪಟ್ಟಿಗೋ ಹೊಡೆದಿರುತ್ತದೆ. ಇಷ್ಟೂ ಬೇಕು, ಆದರೂ ತೊಟ್ಟಿದ್ದೇನೆ ಅನ್ನುವುದೇ ಮರೆತುಹೋಗಬೇಕು.

ಒಂದಕ್ಕೊಂದು ವಿರುದ್ಧವಾದ ಈ ಬೇಡಿಕೆಗಳಿಗೆ ಉತ್ತರ ಸಿಕ್ಕಿದ್ದು ಸೈಕಲ್ ಕಂಪನಿಗಳ ಹೊರಗೆ. ಬ್ರಿಟನ್ನಿನ ರಿಚರ್ಡ್ ಪಾಮರ್ ಎಂಬ ಎಂಜಿನಿಯರ್ (ಮೇಲಿನ ಪಾಮರ್‌ಗೂ ಇವನಿಗೂ ಸಂಬಂಧವಿಲ್ಲ, ಇವನಿಗೂ ಸ್ನೋಬೋರ್ಡ್ ಹುಚ್ಚು ಇತ್ತು ಅನ್ನುವುದು ಬಿಟ್ಟರೆ!) 1999ರಲ್ಲಿ ಡಿ3ಓ ಎಂಬ ಕಂಪನಿ ಶುರು ಮಾಡಿದ. ಅದರ ಕಿತ್ತಳೆ ಬಣ್ಣದ ವಸ್ತು ಕೈಯಲ್ಲಿ ಹಿಡಿದರೆ ಮೆತ್ತಗೆ ಬಾಗುತ್ತದೆ, ಸುತ್ತಿಗೆಯಿಂದ ಹೊಡೆದರೆ ಆ ಕ್ಷಣಕ್ಕೆ ಗಟ್ಟಿಯಾಗುತ್ತದೆ. ಇದರ ಗುಣ ಮನೆಯಲ್ಲೇ ನೋಡಬೇಕಾದರೆ ಕಾರ್ನ್‌ಫ್ಲೋರನ್ನು ಸ್ವಲ್ಪವೇ ನೀರಿನಲ್ಲಿ ಮಂದವಾಗಿ ಕಲಸಿ. ಬೆರಳು ನಿಧಾನವಾಗಿ ಇಳಿಸಿದರೆ ಮುಳುಗುತ್ತದೆ, ಗುದ್ದಿದರೆ ಗೋಡೆಯಂತೆ ನಿಲ್ಲುತ್ತದೆ. ನಿಧಾನವಾಗಿ ಎಳೆದರೆ ಉದ್ದದ ಅಣುಗಳು ಒಂದರ ಪಕ್ಕ ಒಂದು ಸರಿದು ಜಾಗ ಬಿಡುತ್ತವೆ. ಹಠಾತ್ತನೆ ಹೊಡೆದರೆ ಸರಿಯಲು ಸಮಯವೇ ಇಲ್ಲದೆ ಒಟ್ಟಿಗೆ ಬಿಗಿದುಕೊಂಡು ಪೆಟ್ಟನ್ನು ಅಗಲಕ್ಕೆ ಹಂಚುತ್ತವೆ. 2006ರ ಟೊರಿನೋ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅಮೆರಿಕ, ಕೆನಡಾದ ಸ್ಕೀ ಆಟಗಾರರ ಉಡುಪಿನೊಳಗೆ ಇದು ಇತ್ತು. ಅಲ್ಲಿಂದ ಸೈಕಲ್‌ನವರ ಮಂಡಿಗೆ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ. ಇದೇ ಜಾತಿಯ ವಸ್ತುಗಳನ್ನು ಬೇರೆ ಕಂಪನಿಗಳೂ ತಂದವು. ಅಮೆರಿಕದ ಜಿ-ಫಾರ್ಮ್ ಅಂತೂ 2012ರ ಸುಮಾರಿಗೆ ತಮ್ಮ ಕವಚ ಹಾಕಿದ ಐಪ್ಯಾಡನ್ನು ಬಲೂನಿನಲ್ಲಿ ಮೇಲೆ ಕಳಿಸಿ, ಅಲ್ಲಿಂದ ಕೆಳಗೆ ಬೀಳಿಸಿ ಪ್ರಚಾರ ಗಿಟ್ಟಿಸಿತು.

ನಿಧಾನವಾಗಿ ಬಾಗು, ಜೋರಾಗಿ ಬಿದ್ದರೆ ಮಾತ್ರ ಗಟ್ಟಿಯಾಗು. ತುಳಿಯುವ ಮಂಡಿಗೂ ಬೀಳುವ ಮಂಡಿಗೂ ಬೇಕಾದ್ದು ಇದೇ ತಾನೆ? ಚಿಪ್ಪು, ಪಟ್ಟಿ ಹೋಗಿ ಕಾಲುಚೀಲದಂತೆ ಎಳೆದುಕೊಳ್ಳುವ ಪ್ಯಾಡು ಬಂತು. ಮಂಡಿಯ ಹಿಂದೆ ಜಾಲರಿ ಬಟ್ಟೆ ಅಥವಾ ಖಾಲಿ ಜಾಗ, ತೊಡೆಯ ಅಂಚಿಗೆ ಸಿಲಿಕೋನ್ ಪಟ್ಟಿ, ಬಗ್ಗಿದ ಮಂಡಿಯ ಆಕಾರಕ್ಕೇ ಮೊದಲೇ ಹೊಲಿದ ಬಟ್ಟೆ. ಕೆಲವಕ್ಕೆ ಶೂ ಬಿಚ್ಚದೆ ತೊಡಲು ಜಿಪ್ಪು. ಇದೇ ಹೊತ್ತಿಗೆ ಪಂದ್ಯಗಳೂ ಬದಲಾದವು. ಇಳಿತಕ್ಕೆ ಮಾತ್ರ ಸಮಯ ಅಳೆದು, ಹತ್ತುವುದನ್ನು ಸವಾರರ ಕಾಲಿಗೇ ಬಿಡುವ 'ಎಂಡ್ಯೂರೋ' ಪಂದ್ಯ ಫ್ರಾನ್ಸ್, ಇಟಲಿಗಳಲ್ಲಿ ಬೆಳೆದು, 2013ರಲ್ಲಿ ಅದರದ್ದೇ ವಿಶ್ವ ಸರಣಿ ಶುರುವಾಯಿತು. ದಿನವಿಡೀ ತುಳಿಯುವವರೂ ಪ್ಯಾಡ್ ತೊಟ್ಟಿರುವುದು ಆಗ ಮಾಮೂಲಿ ನೋಟವಾಯಿತು.

ಹಾಗಂತ ಹಳೆಯ ಗಟ್ಟಿ ಚಿಪ್ಪನ್ನು ನಾನು ತಳ್ಳಿಹಾಕುವುದಿಲ್ಲ. ಚೂಪು ಕಲ್ಲಿಗೆ ಅದೇ ಸರಿ. ಕಲ್ಲಿನ ಮೇಲೆ ಅದು ಜಾರಿಕೊಂಡು ಹೋಗುತ್ತದೆ, ಮೆತ್ತನೆಯದು ಕಚ್ಚಿ ಹಿಡಿದು ಕಾಲನ್ನೇ ತಿರುಚಬಹುದು. ಹೊಸ ವಸ್ತುವಿಗೂ ಊನ ಉಂಟು. ಚಳಿಯಲ್ಲಿ ಬಿಗಿಯುತ್ತದೆ, ಬಿಸಿಯಲ್ಲಿ ಮೆತ್ತಗಾಗುತ್ತದೆ. ಯುರೋಪಿನ ಇಎನ್ 1621-1 ಎಂಬ ಮಾನದಂಡದಲ್ಲಿ 40 ಡಿಗ್ರಿ ಬಿಸಿಗೂ ಮೈನಸ್ 10 ಡಿಗ್ರಿ ಚಳಿಗೂ ಬೇರೆ ಪರೀಕ್ಷೆ ಮಾಡಿಸಲು ಅವಕಾಶ ಇರುವುದು ಅದಕ್ಕೇ. ಕೊಳ್ಳುವವರು ಪ್ಯಾಡಿನ ಒಳಗೆ 'ಟಿ' ಅಕ್ಷರದ ಪಕ್ಕ ಕೂಡಿಸುವ ಚಿಹ್ನೆ ಇದೆಯೇ ನೋಡಿದರೆ ನಮ್ಮ ಬಿಸಿಲಿಗೆ ಒಳ್ಳೆಯದು.

ಈ ಮಾನದಂಡ ಮೂಲತಃ ಮೋಟಾರ್ ಸೈಕಲ್‌ನವರದು, ಅದೂ ಎರವಲೇ. 5 ಕಿಲೋ ತೂಕವನ್ನು ಸುಮಾರು ಒಂದು ಮೀಟರ್ ಎತ್ತರದಿಂದ ಪ್ಯಾಡಿನ ಮೇಲೆ ಬೀಳಿಸುತ್ತಾರೆ, ಅಂದರೆ 50 ಜೂಲ್ ಪೆಟ್ಟು. ಪ್ಯಾಡಿನ ಕೆಳಗೆ ದಾಟಿ ಬರುವ ಬಲ ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಮೊದಲ ದರ್ಜೆ. 2012ರ ಪರಿಷ್ಕರಣೆಯ ಪ್ರಕಾರ 20 ಮೀರದಿದ್ದರೆ ಎರಡನೇ ದರ್ಜೆ, ಅದೇ ಮೇಲಿನದು. 20 ಕಿಲೋನ್ಯೂಟನ್ ಅಂದರೂ ಕ್ಷಣಮಾತ್ರ ಎರಡು ಟನ್ ಭಾರ ಕೂತಂತೆ. ಹಾಗಾಗಿ ಸರ್ಟಿಫಿಕೇಟ್ ಇದೆ ಅಂತ ಮಂಡಿಗೆ ಏನೂ ಆಗದು ಎಂದುಕೊಳ್ಳಬೇಡಿ. ತಿರುಚಿ ಹರಿಯುವ ಮಂಡಿಯ ಅಸ್ಥಿರಜ್ಜುಗಳಿಗಂತೂ ಇಂಥ ಪ್ಯಾಡಿನಿಂದ ಉಪಯೋಗವೇ ಇಲ್ಲ, ಅದಕ್ಕೆ ಕೀಲು ಇರುವ ಬ್ರೇಸ್ ಬೇರೆಯೇ ಇದೆ. ಮತ್ತೆ, ಈ ಸಂಖ್ಯೆ ಅಳೆಯುವುದು ಕಬ್ಬಿಣದ ಅಚ್ಚಿನ ಮೇಲೆ ಕೂತ ಪ್ಯಾಡನ್ನು. ಬೆವರಿದ ಕಾಲಿನ ಮೇಲೆ ಮೂರನೇ ಗಂಟೆಯಲ್ಲಿ ಅದು ಎಲ್ಲಿರುತ್ತದೆ ಅನ್ನುವುದು ಆ ಸಂಖ್ಯೆಯಲ್ಲಿಲ್ಲ. ಬ್ಯಾಗಿನಲ್ಲಿರುವ ಎರಡನೇ ದರ್ಜೆಗಿಂತ ಕಾಲಿನಲ್ಲಿರುವ ಮೊದಲ ದರ್ಜೆ ಮೇಲು ಅಂತ ಸವಾರರು ತೀರ್ಮಾನಿಸಿದ್ದು ಸರಿಯಾದ ಲೆಕ್ಕವೇ.

ಇಷ್ಟೆಲ್ಲ ಆದರೂ ಮೊಣಕೈ ಮಾತ್ರ ಹಿಂದೆಯೇ ಉಳಿದಿದೆ. ಮಂಡಿಗೆ ಪ್ಯಾಡ್ ತೊಟ್ಟು ಮೊಣಕೈ ಬರಿದೇ ಬಿಟ್ಟು ಹೋಗುವವರೇ ಇವತ್ತಿಗೂ ಹೆಚ್ಚು. ಕಾಲಿಗಾದರೆ ಮಂಡಿಯ ಕೆಳಗೆ ಮೀನಖಂಡದ ಉಬ್ಬು ಇದೆ, ಪ್ಯಾಡು ಜಾರಿದರೂ ಅಲ್ಲಿ ತಡೆದು ನಿಲ್ಲುತ್ತದೆ. ಕೈ ಮಣಿಕಟ್ಟಿನ ಕಡೆಗೆ ಸಣ್ಣಗಾಗುತ್ತಾ ಹೋಗುತ್ತದೆ. ಹ್ಯಾಂಡಲ್ ಹಿಡಿದ ಕೈ ಕೆಳಮುಖವಾಗಿಯೇ ಇರುತ್ತದೆ, ಮೇಲಿಂದ ಬೆಟ್ಟದ ಅದುರು ಬೇರೆ. ಬಿಗಿ ಮಾಡಿದರೆ ಮುಂಗೈ ಸ್ನಾಯು ಊದಿ ಬೆರಳು ಬ್ರೇಕ್ ಹಿಡಿಯದಷ್ಟು ಸೋಲುತ್ತದೆ, ಇಳಿಜಾರಿನಲ್ಲಿ ಅದಕ್ಕಿಂತ ಅಪಾಯ ಬೇಕೇ? ತೋಳಿನ ಮೇಲ್ಭಾಗದವರೆಗೆ ಏರುವ ಉದ್ದನೆಯ ತೋಳುಚೀಲ ಮಾಡಿ ನೋಡಿದ್ದಾರೆ, ಅಂಗಿಯ ತೋಳಿಗೇ ಹೊಲಿದು ನೋಡಿದ್ದಾರೆ. ಮೊದಲನೆಯದು ಸೆಖೆ, ಎರಡನೆಯದು ಬೀಳುವಾಗ ಅಂಗಿಯ ಜೊತೆಗೇ ತಿರುಗಿಬಿಡುತ್ತದೆ. ನಿಮ್ಮಲ್ಲಿ ಯಾರಾದರೂ ಬೆಟ್ಟ ಇಳಿಯುವವರಿದ್ದು, ಮೊಣಕೈ ಪ್ಯಾಡು ಮಣಿಕಟ್ಟಿಗೆ ಬಳೆಯಾಗದಂತೆ ನಿಲ್ಲಿಸುವ ಉಪಾಯ ಕಂಡುಕೊಂಡಿದ್ದರೆ ದಯವಿಟ್ಟು ತಿಳಿಸಿ. ಗೆಳೆಯನೂ ಕೇಳುತ್ತಿದ್ದಾನೆ.